ನಿಲ್ಲಿಸಿದ ಕಾರಿನಲ್ಲಿ ಪಿಸ್ತೂಲು ಇಡುವುದು ಹೇಗೆ: ಅಮೆರಿಕದಲ್ಲಿರುವ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

2015ರ ಜುಲೈ 1ರಂದು ಸ್ಯಾನ್ ಫ್ರಾನ್ಸಿಸ್ಕೋದ ಪಿಯರ್ 14ರಲ್ಲಿ ತಂದೆಯ ಜೊತೆ ನಡೆಯುತ್ತಿದ್ದ ಕೇಟ್ ಸ್ಟೈನ್ಲಿ ಎಂಬಾಕೆ ಗುಂಡು ತಗಲಿ ಸತ್ತರು. ಆ ಪಿಸ್ತೂಲು ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ರೇಂಜರ್ ಒಬ್ಬರದು. ನಾಲ್ಕು ದಿನ ಮುಂಚೆ ಅದೇ ಊರಿನಲ್ಲಿ, ನಿಲ್ಲಿಸಿದ್ದ ಅವರ ಕಾರಿನಿಂದ ಕಳುವಾಗಿತ್ತು. ಆಯುಧ ಬಳಸುವುದರಲ್ಲಿ ತರಬೇತಿ ಪಡೆದವರ ಕಾರಿನಿಂದಲೇ ಹೋಯಿತೆಂದರೆ, ವಾರಾಂತ್ಯಕ್ಕೆ ಶೂಟಿಂಗ್ ರೇಂಜಿಗೆ ಹೋಗಿ ಬರುವ ದಾರಿಯಲ್ಲಿ ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸುವವರು ಎಷ್ಟು ಎಚ್ಚರವಾಗಿರಬೇಕು ನೋಡಿ. ಅಮೆರಿಕದಲ್ಲಿ ಕಳುವಾಗುವ ಬಂದೂಕುಗಳಲ್ಲಿ ದೊಡ್ಡ ಪಾಲು ಹೀಗೆ ಕಾರುಗಳಿಂದಲೇ ಹೋಗುತ್ತದೆ.

ಇಲ್ಲಿ ಹೇಳುವುದೆಲ್ಲ ಒಂದು ತಿಳಿವಳಿಕೆಯ ಮೇಲೆ ನಿಂತಿದೆ. ಕಾರಿನೊಳಗಿನ ಪೆಟ್ಟಿಗೆ ಎಷ್ಟೇ ಗಟ್ಟಿಯಾಗಿದ್ದರೂ ಕಳ್ಳನನ್ನು ಕೆಲವು ನಿಮಿಷ ಮಾತ್ರ ತಡೆಯುತ್ತದೆ. ಅರ್ಧ ಗಂಟೆ ಅಂಗಡಿಗೆ ಹೋಗಿ ಬರಲು ಅಷ್ಟು ಸಾಕಾಗಬಹುದು, ರಾತ್ರಿಯಿಡೀ ಖಂಡಿತ ಸಾಲದು. ಮನೆ ತಲುಪಿದ ಮೇಲೆ ಪಿಸ್ತೂಲು ಕಾರಿನಿಂದ ಇಳಿದು ಮನೆಯ ಸೇಫ್ ಸೇರಲೇಬೇಕು.

ಆ ಕಾರಿನಲ್ಲಿ ಅದು ಇರಬಹುದೇ?

ಪೆಟ್ಟಿಗೆ ಕೊಳ್ಳುವುದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಇದು. ನಮ್ಮವರಲ್ಲಿ ಬಹಳ ಮಂದಿ ಇಲ್ಲೇ ತಪ್ಪುತ್ತಾರೆ. ಎಚ್-1ಬಿ, ಎಲ್-1, ಎಫ್-1, ಎಚ್-4, ಬಿ-2 ಇಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಒಂದೇ ಒಂದು ಗುಂಡನ್ನಾಗಲಿ ವಶದಲ್ಲಿಟ್ಟುಕೊಳ್ಳುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. 2022ರ ತಿದ್ದುಪಡಿಯ ನಂತರ ಇದಕ್ಕೆ 15 ವರ್ಷದವರೆಗೂ ಸೆರೆವಾಸವಿದೆ. ಬೇಟೆ ಪರವಾನಗಿ ಪಡೆದವರಿಗೆ ವಿನಾಯಿತಿ ಉಂಟು, ಆದರೆ ವಲಸೆ ವಕೀಲರನ್ನು ಕೇಳದೆ ಅದನ್ನು ನೆಚ್ಚಿಕೊಳ್ಳಬೇಡಿ.

‘ವಶದಲ್ಲಿ’ ಎಂಬ ಮಾತಿನ ಹರವು ದೊಡ್ಡದು. ಗಂಡನಿಗೆ ಗ್ರೀನ್ ಕಾರ್ಡ್ ಇದೆ, ಪಿಸ್ತೂಲು ಅವನ ಹೆಸರಿನಲ್ಲಿದೆ, ಹೆಂಡತಿ ಇನ್ನೂ ಎಚ್-1ಬಿಯಲ್ಲಿದ್ದಾಳೆ, ಕಾರು ಇಬ್ಬರೂ ಓಡಿಸುತ್ತಾರೆ ಎಂದುಕೊಳ್ಳಿ. ಪೆಟ್ಟಿಗೆಯ ಕೀಲಿ ಅದೇ ಗೊಂಚಲಿನಲ್ಲಿದ್ದು, ಆಕೆ ಒಬ್ಬಳೇ ಆ ಕಾರಿನಲ್ಲಿ ಹೊರಟರೆ, ಆಯುಧ ಆಕೆಯ ವಶದಲ್ಲಿತ್ತು ಎಂದು ವಾದಿಸಲು ಸರ್ಕಾರಿ ವಕೀಲರಿಗೆ ದಾರಿಯಾಗುತ್ತದೆ. ಊರಿನಿಂದ ಬಂದ ಅಪ್ಪ ನಿಮ್ಮ ಕಾರು ತೆಗೆದುಕೊಂಡು ದೇವಸ್ಥಾನಕ್ಕೆ ಹೋದರೂ ಅಷ್ಟೇ. ಕಾರು ಇನ್ನೊಬ್ಬರ ಕೈಗೆ ಹೋಗುವ ಮುಂಚೆ ಪಿಸ್ತೂಲೂ ಗುಂಡುಗಳೂ ಕೆಳಗಿಳಿದಿರಬೇಕು. ಡೋರ್ ಪಾಕೆಟ್ಟಿನಲ್ಲಿ, ಸೀಟಿನ ಸಂದಿಯಲ್ಲಿ ರೇಂಜಿನಿಂದ ಉಳಿದು ಬಂದ ಬಿಡಿ ಗುಂಡುಗಳಿಗೂ ಕೈ ಹಾಕಿ ನೋಡಿ.

ಗ್ರೀನ್ ಕಾರ್ಡ್ ಇದ್ದವರು ಬಂದೂಕು ಇಟ್ಟುಕೊಳ್ಳಬಹುದು. ಆದರೆ ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದರೆ ಅದೇ ಗಡೀಪಾರಿಗೆ ಕಾರಣವಾಗಬಲ್ಲದು. ಹುಟ್ಟಿನಿಂದ ಅಮೆರಿಕನ್ ಆದವನು ದಂಡ ಕಟ್ಟಿ ಮರೆತುಬಿಡುವ ಪ್ರಕರಣ ನಿಮ್ಮ ಇಡೀ ಸಂಸಾರದ ಬದುಕನ್ನೇ ಅಲುಗಿಸಬಹುದು. ಹಾಗಾಗಿ ಟಿಕೆಟ್ ಬಂದರೆ ಸುಮ್ಮನೆ ಒಪ್ಪಿಕೊಂಡು ದಂಡ ಕಟ್ಟಬೇಡಿ, ಮೊದಲು ವಕೀಲರಿಗೆ ತೋರಿಸಿ. ಕೊಡಗಿನಿಂದ ಬಂದವರಿಗೆ ಇನ್ನೊಂದು ಮಾತು: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಭಾರತದ ಆಯುಧ ಕಾಯ್ದೆಯಡಿ ಸಿಕ್ಕಿರುವ ವಿನಾಯಿತಿ ಅಲ್ಲಿಗೇ ಸೀಮಿತ. ಮನೆಯಲ್ಲಿ ತಲೆಮಾರಿನಿಂದ ಕೋವಿ ಇತ್ತು ಎಂಬುದಕ್ಕೆ ಇಲ್ಲಿ ಕಾನೂನಿನ ಬೆಲೆಯಿಲ್ಲ.

ಕಾನೂನು: ರಾಜ್ಯಕ್ಕೊಂದು ರೀತಿ

ಕ್ಯಾಲಿಫೋರ್ನಿಯಾದಲ್ಲಿ 2017ರ ಜನವರಿ 1ರಿಂದ ಬಿಟ್ಟುಹೋದ ವಾಹನದಲ್ಲಿ ಪಿಸ್ತೂಲು ಇಡುವುದಕ್ಕೆ ಪ್ರತ್ಯೇಕ ನಿಯಮವಿದೆ, ಅದು ಪೊಲೀಸರಿಗೂ ಅನ್ವಯಿಸುತ್ತದೆ. ಬೀಗ ಹಾಕಿದ ಡಿಕ್ಕಿಯಲ್ಲಿರಬೇಕು, ಇಲ್ಲವೇ ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದು ಆ ಪೆಟ್ಟಿಗೆ ಹೊರಗಿನಿಂದ ಕಾಣಬಾರದು. ತಪ್ಪಿದರೆ 1000 ಡಾಲರ್‌ವರೆಗೆ ದಂಡ. ಗ್ಲೋವ್ ಬಾಕ್ಸ್ ಬೀಗವಿದ್ದರೂ ಪೆಟ್ಟಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಎಸ್‌ಯುವಿ, ಹ್ಯಾಚ್‌ಬ್ಯಾಕ್‌ಗಳ ಹಿಂಭಾಗ ಡಿಕ್ಕಿಯ ಲೆಕ್ಕಕ್ಕೂ ಬರುವುದಿಲ್ಲ, ಏಕೆಂದರೆ ಸೀಟಿನ ಕಡೆಯಿಂದ ಅಲ್ಲಿಗೆ ಕೈ ಹೋಗುತ್ತದೆ, ಕಿಟಕಿಯೂ ಇರುತ್ತದೆ. ನಮ್ಮವರು ಹೆಚ್ಚಾಗಿ ಓಡಿಸುವುದು ಇಂಥ ಗಾಡಿಗಳನ್ನೇ ಆದ್ದರಿಂದ ಅವರಿಗೆ ಬೀಗದ ಪೆಟ್ಟಿಗೆ ಬಿಟ್ಟು ಬೇರೆ ದಾರಿಯಿಲ್ಲ. ಗಾಜಿಗೆ ಕಪ್ಪು ಫಿಲ್ಮ್ ಹಾಕಿಸಿದ್ದೇನೆ ಎಂದುಕೊಂಡರೂ ಪ್ರಯೋಜನವಿಲ್ಲ, ಇಣುಕಿದರೆ ಕಾಣುವ ಜಾಗವೆಲ್ಲ ಕಾಣುವ ಜಾಗವೇ.

ನ್ಯೂಯಾರ್ಕ್ 2022ರ ಸೆಪ್ಟೆಂಬರಿನಿಂದ ಇನ್ನೂ ಬಿಗಿ ಮಾಡಿತು. ಅಲ್ಲಿ ಗುಂಡು ತೆಗೆದಿರಬೇಕು, ಬೀಗ ಹಾಕಿರಬೇಕು, ಹೊರಗೆ ಕಾಣಬಾರದು, ಜೊತೆಗೆ ಪೆಟ್ಟಿಗೆ ಬೆಂಕಿ, ಹೊಡೆತ, ಮೀಟುವಿಕೆ ಮೂರನ್ನೂ ತಾಳುವಂಥದ್ದಾಗಿರಬೇಕು. ಕೊಲೊರಾಡೋದಲ್ಲಿ 2025ರ ಜನವರಿ 1ರಿಂದ ಗಟ್ಟಿ ಮೈಯ ಬೀಗದ ಪೆಟ್ಟಿಗೆ ಕಡ್ಡಾಯ, ಜಿಪ್ ಇರುವ ಬಟ್ಟೆಯ ಚೀಲಕ್ಕೆ ಪುಟ್ಟ ಬೀಗ ಸಿಕ್ಕಿಸಿದರೆ ಆಗದು. ಟೆಕ್ಸಸ್‌ನಲ್ಲಿ ಇಂಥ ಕಟ್ಟಳೆಯಿಲ್ಲದಿದ್ದರೂ 17 ವರ್ಷದೊಳಗಿನ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಬಿಡುವುದು ಅಪರಾಧ.

ರಾಜ್ಯದ ಗಡಿ ದಾಟುವವರಿಗೆ 1986ರ ಕೇಂದ್ರ ಕಾನೂನು ಒಂದು ರಕ್ಷಣೆ ಕೊಡುತ್ತದೆ. ಹೊರಟ ಊರಿನಲ್ಲೂ ಸೇರುವ ಊರಿನಲ್ಲೂ ನೀವು ಅದನ್ನು ಇಟ್ಟುಕೊಂಡು ಓಡಾಡುವ ಹಕ್ಕುಳ್ಳವರಾಗಿರಬೇಕು, ಗುಂಡು ತೆಗೆದಿರಬೇಕು, ಪಿಸ್ತೂಲಾಗಲಿ ಗುಂಡಾಗಲಿ ಕೈಗೆ ಎಟುಕಬಾರದು. ಪ್ರತ್ಯೇಕ ಡಿಕ್ಕಿ ಇಲ್ಲದ ಗಾಡಿಯಲ್ಲಿ ಬೀಗದ ಪೆಟ್ಟಿಗೆ ಬೇಕು, ಗ್ಲೋವ್ ಬಾಕ್ಸ್ ಮತ್ತು ಕನ್ಸೋಲ್ ನಡೆಯುವುದಿಲ್ಲ. ಇದು ದಾಟಿಹೋಗುವವರಿಗೆ ಕೊಟ್ಟ ರಕ್ಷಣೆ. ನಡುವಿನ ರಾಜ್ಯದಲ್ಲಿ ನೆಂಟರ ಮನೆಯಲ್ಲಿ ಎರಡು ದಿನ ಉಳಿದರೆ ಆ ರಾಜ್ಯದ ಕಾನೂನು ನಿಮ್ಮನ್ನು ಹಿಡಿಯುತ್ತದೆ. ಅದಕ್ಕೇ ಹೊರಡುವ ವಾರ ದಾರಿಯಲ್ಲಿರುವ ಪ್ರತಿ ರಾಜ್ಯದ ಅಟಾರ್ನಿ ಜನರಲ್ ಜಾಲತಾಣ ನೋಡಿ, ಕಳೆದ ವರ್ಷ ಓದಿದ್ದು ಈ ಜನವರಿಗೆ ಬದಲಾಗಿರಬಹುದು. ಕೆನಡಾ, ಮೆಕ್ಸಿಕೋ ಗಡಿಗೆ ಹೋಗುವ ಕಾರಿನಲ್ಲಂತೂ ಪಿಸ್ತೂಲಾಗಲಿ ಗುಂಡಾಗಲಿ ಇರಲೇಕೂಡದು.

ಅತಿ ಬಿಗಿಯಾದ ರಾಜ್ಯದ ನಿಯಮವನ್ನೇ ಎಲ್ಲೆಡೆ ಪಾಲಿಸಿ ಎಂಬುದು ನಮ್ಮ ಸಲಹೆ. ಗುಂಡು ತೆಗೆದು, ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಕಾಣದಂತೆ ಇಟ್ಟರೆ ರಾಜ್ಯಕ್ಕೊಂದು ಅಭ್ಯಾಸ ನೆನಪಿಟ್ಟುಕೊಳ್ಳುವ ಗೋಜಿಲ್ಲ.

ಪೆಟ್ಟಿಗೆ ಆರಿಸುವುದು

ಉಕ್ಕಿನ ತಗಡಿನ ದಪ್ಪ ಗೇಜ್‌ನಲ್ಲಿ ಹೇಳುತ್ತಾರೆ, ಸಂಖ್ಯೆ ಸಣ್ಣದಾದಷ್ಟು ತಗಡು ದಪ್ಪ. 18 ಗೇಜ್ ಅಂದರೆ ಸುಮಾರು 1.2 ಮಿಲಿಮೀಟರ್, 16 ಗೇಜ್ ಸುಮಾರು 1.5, 14 ಗೇಜ್ ಸುಮಾರು 1.9. ಕಾರಿಗೆ 16ಕ್ಕಿಂತ ತೆಳುವಾದದ್ದು ಬೇಡ. ತೆಳು ತಗಡಿನ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಬೀಗ ಹಾಗೇ ಇರುತ್ತದೆ, ಮುಚ್ಚಳವೇ ಬಾಗಿ ಬಾಯಿ ಬಿಡುತ್ತದೆ. ಮುಚ್ಚಳದ ಅಂಚು ಪೆಟ್ಟಿಗೆಯ ಒಳಗೆ ಇಳಿದು ಕೂರುವಂತಿದ್ದರೆ, ಹಿಂಜ್ ಒಳಗಡೆ ಇದ್ದರೆ ಮೀಟಲು ಆಸರೆ ಸಿಗದು.

ಅಳತೆ ತೆಗೆಯುವಾಗ ಪಿಸ್ತೂಲನ್ನು ಅದರ ಸೊಂಟದ ಕವಚವಾದ ಹೋಲ್‌ಸ್ಟರ್ ಸಮೇತ ಅಳೆಯಿರಿ. ಗ್ಲಾಕ್ 19ರಂಥ ಮಧ್ಯಮ ಗಾತ್ರದ ಪಿಸ್ತೂಲು ಸುಮಾರು 187 ಮಿಲಿಮೀಟರ್ ಉದ್ದ, 128 ಮಿಲಿಮೀಟರ್ ಎತ್ತರ ಇರುತ್ತದೆ. ಬರಿ ಪಿಸ್ತೂಲಿಗೆ ಸರಿಹೊಂದುವ ಪೆಟ್ಟಿಗೆಯಲ್ಲಿ ಹೋಲ್‌ಸ್ಟರ್‌ನ ಕ್ಲಿಪ್ ಮುಚ್ಚಳಕ್ಕೆ ತಾಗುತ್ತದೆ, ಮೇಲೆ ಕೆಂಪು ಚುಕ್ಕೆಯ ಗುರಿಕನ್ನಡಿ ಇದ್ದರೆ ಇನ್ನೂ ಇಕ್ಕಟ್ಟು. ಒತ್ತಿ ಮುಚ್ಚಬೇಕಾದ ಪೆಟ್ಟಿಗೆಯನ್ನು ಕೊಳ್ಳಬೇಡಿ.

ಬೀಗದ ವಿಷಯದಲ್ಲಿ ಕಾರಿಗೆ ಕೀಲಿ ಅಥವಾ ಗುಂಡಿ ಒತ್ತುವ ಯಾಂತ್ರಿಕ ಬೀಗವೇ ಲೇಸು. ಬೆರಳಚ್ಚಿನ ಬೀಗದ ಬ್ಯಾಟರಿ ಬೇಸಗೆಯ ಬಿಸಿಗೆ ಬೇಗ ಸೋಲುತ್ತದೆ, ಚಳಿಗೆ ಒಣಗಿದ ಬೆರಳನ್ನು ಸೆನ್ಸರ್ ಗುರುತಿಸದು. ಅದೇ ಬೇಕೆಂದರೆ ಕೀಲಿಯಿಂದಲೂ ತೆಗೆಯಲು ಬರುವಂಥದ್ದನ್ನು ತೆಗೆದುಕೊಳ್ಳಿ, ಆ ಹೆಚ್ಚುವರಿ ಕೀಲಿಯನ್ನು ಕಾರಿನಲ್ಲಿಡಬೇಡಿ. ಕೊಂಡು ತಂದ ದಿನವೇ ಖಾಲಿ ಪೆಟ್ಟಿಗೆಗೆ ಬೀಗ ಹಾಕಿ, ಸೊಂಟದ ಎತ್ತರದಿಂದ ಕಾರ್ಪೆಟ್ ಮೇಲೆ ನಾಲ್ಕೈದು ಸಲ ಬೇರೆ ಬೇರೆ ಮೂಲೆ ತಾಗುವಂತೆ ಬೀಳಿಸಿ. ಅಗ್ಗದ ಎಲೆಕ್ಟ್ರಾನಿಕ್ ಬೀಗಗಳಲ್ಲಿ ಸಣ್ಣ ಕಡ್ಡಿಯೊಂದನ್ನು ಸ್ಪ್ರಿಂಗ್ ಹಿಡಿದಿರುತ್ತದೆ, ಹೊಡೆತಕ್ಕೆ ಅದು ಹಿಂದಕ್ಕೆ ಜಿಗಿದು ಪೆಟ್ಟಿಗೆ ತಾನೇ ತೆರೆದುಕೊಳ್ಳುವುದುಂಟು. ತೆರೆದುಕೊಂಡರೆ ವಾಪಸ್ ಮಾಡಿ. ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಸುರಕ್ಷತಾ ಸಾಧನಗಳ ಪಟ್ಟಿ ಇಟ್ಟಿದೆ, ಕೊಳ್ಳುವ ಮೊದಲು ಅದನ್ನು ನೋಡುವುದು ಒಳ್ಳೆಯದು.

ಕಾರಿಗೆ ಕಟ್ಟುವುದು

ಕಟ್ಟದ ಪೆಟ್ಟಿಗೆ ಕಳ್ಳನಿಗೆ ಹಿಡಿಕೆಯಿರುವ ಉಡುಗೊರೆ ಇದ್ದಂತೆ. ಅವನು ಅಲ್ಲೇ ಒಡೆಯುವ ಕಷ್ಟಪಡುವುದಿಲ್ಲ, ಎತ್ತಿಕೊಂಡು ಹೋಗಿ ಮನೆಯಲ್ಲಿ ನಿಧಾನವಾಗಿ ಒಡೆಯುತ್ತಾನೆ. ಕೇಬಲ್ ಇರುವುದು ಅದನ್ನು ತಡೆಯಲಿಕ್ಕೆ.

ಪೆಟ್ಟಿಗೆಯ ಜೊತೆ ಬರುವ ಕೇಬಲ್ ಸಾಮಾನ್ಯವಾಗಿ ತೆಳು, ಬೋಲ್ಟ್ ಕಟರ್‌ಗೆ ಒಂದೇ ಕಡಿತ. 8ರಿಂದ 10 ಮಿಲಿಮೀಟರ್ ದಪ್ಪದ್ದು ಪೆಟ್ಟಿಗೆಯ ತೂತಿನಲ್ಲಿ ಹಿಡಿಸುವುದಾದರೆ ಅದನ್ನೇ ಹಾಕಿ. ಇನ್ನು ಕಟ್ಟುವ ಜಾಗ. ಟಾರ್ಚ್ ಹಿಡಿದು ಮುಂದಿನ ಸೀಟಿನ ಕೆಳಗೆ ಬಗ್ಗಿ ನೋಡಿ. ನೆಲಕ್ಕೆ ಬೋಲ್ಟ್ ಹಾಕಿದ ಎರಡು ಉಕ್ಕಿನ ಹಳಿಗಳು, ಅವುಗಳ ನಡುವೆ ಅಡ್ಡಪಟ್ಟಿ ಅಥವಾ ಬ್ರಾಕೆಟ್ ಕಾಣುತ್ತದೆ. ಸೀಟಿನ ಅಡಿಗೆ ಜೋತುಬಿದ್ದ ಬಳುಕುವ ತಂತಿಯೂ ಇರುತ್ತದೆ, ಅದು ಕುಶನ್ನಿನ ಸ್ಪ್ರಿಂಗ್. ಅದಕ್ಕೆ ಕಟ್ಟಿದರೆ ಒಂದು ಎಳೆತಕ್ಕೆ ಕಳಚುತ್ತದೆ. ಕೇಬಲ್ ಸುತ್ತುವ ಭಾಗ ಎರಡೂ ತುದಿಯಲ್ಲಿ ಮುಚ್ಚಿಕೊಂಡಿರಬೇಕು, ಇಲ್ಲದಿದ್ದರೆ ಸುತ್ತು ಜಾರಿ ತುದಿಯಿಂದ ಹೊರಬರುತ್ತದೆ.

ಅಲ್ಲೇ ಹಳದಿ ಬಣ್ಣದ ಕನೆಕ್ಟರ್ ಇರುವ ತಂತಿ ಕಂಡರೆ ಕೈ ತೆಗೆಯಿರಿ. ಅದು ಏರ್‌ಬ್ಯಾಗ್ ಅಥವಾ ಸೀಟ್‌ಬೆಲ್ಟ್ ಬಿಗಿಯುವ ಸಾಧನದ ತಂತಿ. ಕೇಬಲ್ ಅದಕ್ಕೆ ಉಜ್ಜಬಾರದು, ಸುತ್ತಬಾರದು.

ಕಟ್ಟುವ ಕ್ರಮ ಹೀಗೆ. ಕೇಬಲ್ಲಿನ ಒಂದು ತುದಿಯನ್ನು ಬ್ರಾಕೆಟ್ಟಿನ ಸುತ್ತ ತಂದು, ಇನ್ನೊಂದು ತುದಿಯ ಕಣ್ಣಿನೊಳಗೆ ತೂರಿಸಿ ಕುಣಿಕೆಯಂತೆ ಎಳೆದು ಬಿಗಿಮಾಡಿ. ಉಳಿದ ತುದಿಯನ್ನು ಪೆಟ್ಟಿಗೆಯ ತೂತಿಗೆ ಸಿಕ್ಕಿಸಿ ಮುಚ್ಚಿ. ನಂತರ ಸೀಟನ್ನು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸರಿಸಿ ನೋಡಿ. ಕೇಬಲ್ ಹಳಿಯಲ್ಲಿ ಸಿಕ್ಕಿಕೊಂಡರೆ ಮೋಟಾರ್ ಸೀಟಿನ ಹಲ್ಲು ಹಾಳಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಚಾಲಕನ ಸೀಟಿನ ಕೆಳಗೆ ಕಟ್ಟಿದ್ದರೆ ಪೆಟ್ಟಿಗೆ ಮುಂದಕ್ಕೆ ಜಾರಿ ಬ್ರೇಕ್ ಪೆಡಲ್ ತಲುಪುವಷ್ಟು ಉದ್ದ ಕೇಬಲ್ ಬಿಡಬೇಡಿ. ಪಕ್ಕದ ಸೀಟು ಇದಕ್ಕಿಂತ ವಾಸಿ.

ಡಿಕ್ಕಿಯಲ್ಲಿ ಕಟ್ಟುವುದಾದರೆ ಸಾಮಾನು ಬಿಗಿಯುವ ಕೊಂಡಿಗಳಿರುತ್ತವೆ. ಒಂದು ಪುಟ್ಟ ಅಯಸ್ಕಾಂತ ಇಟ್ಟು ನೋಡಿ, ಎಷ್ಟೋ ಗಾಡಿಗಳಲ್ಲಿ ಅವು ಬಣ್ಣ ಬಳಿದ ಪ್ಲಾಸ್ಟಿಕ್. ಅಯಸ್ಕಾಂತ ಹಿಡಿದರೂ ಕಾರ್ಪೆಟ್ ಎತ್ತಿ ಕೊಂಡಿಯ ಬೋಲ್ಟ್ ಕಾರಿನ ಮೈಗೆ ಹೋಗಿದೆಯೇ ಎಂದು ಪರೀಕ್ಷಿಸಿ. ಸೆಡಾನ್‌ನಲ್ಲಿ ಗಾಜು ಒಡೆದವನು ಚಾಲಕನ ಬಳಿಯ ಗುಂಡಿ ಒತ್ತಿ ಡಿಕ್ಕಿ ತೆರೆಯಬಲ್ಲ, ಹಿಂದಿನ ಸೀಟು ಮಡಚಿ ಒಳಗೆ ಕೈ ಹಾಕಬಲ್ಲ. ಸೀಟಿಗೆ ಕೀಲಿಯಿದ್ದರೆ ಅದನ್ನೂ ಹಾಕಿ, ಒಳಗಿನ ಗುಂಡಿಯಿಂದ ಡಿಕ್ಕಿ ತೆರೆಯದಂತೆ ತಡೆಯುವ ವ್ಯಾಲೆ ಸ್ವಿಚ್ ಇದ್ದರೆ ಒತ್ತಿಡಿ.

ನೆಲಕ್ಕೆ ಡ್ರಿಲ್ ಮಾಡಿ ಬೋಲ್ಟ್ ಹಾಕುವ ಯೋಚನೆ ಬರುತ್ತದೆ. ವಿದ್ಯುತ್ ಕಾರಿನಲ್ಲಿ ಅದನ್ನು ಮಾಡಲೇಬೇಡಿ, ನೆಲದ ಕೆಳಗೆ ಇರುವುದೇ ಬ್ಯಾಟರಿ. ಪೆಟ್ರೋಲ್ ಕಾರಿನಲ್ಲೂ ಇಂಧನ ಮತ್ತು ಬ್ರೇಕ್ ಕೊಳವೆಗಳು ಅಲ್ಲೇ ಹಾದುಹೋಗುತ್ತವೆ. ಗಟ್ಟಿಯಾಗಿ ಕೂರಿಸಬೇಕೆಂದರೆ ನಿಮ್ಮ ಮಾಡೆಲ್ಲಿಗೆಂದೇ ಮಾಡಿದ, ಕಾರಿನಲ್ಲಿ ಮೊದಲೇ ಇರುವ ಬೋಲ್ಟ್‌ಗಳನ್ನೇ ಬಳಸುವ ಕನ್ಸೋಲ್ ಸೇಫ್ ಕೊಳ್ಳಿ. ದುಬಾರಿ, ಆದರೆ ಇಂಥ ಸೇಫ್‌ಗಳಲ್ಲಿ ಹೊರಗೆ ಕೇಬಲ್ಲೇ ಇಲ್ಲದ್ದರಿಂದ ಕತ್ತರಿಸಲು ಏನೂ ಸಿಗದು. ಪಿಕಪ್ ಓಡಿಸುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ದಿನನಿತ್ಯದ ಕ್ರಮ

ಆಕಸ್ಮಿಕವಾಗಿ ಗುಂಡು ಹಾರುವುದು ಪಿಸ್ತೂಲನ್ನು ಕೈಯಲ್ಲಿ ಹಿಡಿದಾಗ. ಕಾರಿನ ಸೀಟಿನಲ್ಲಿ ಮುದುಡಿ ಕೂತು, ಸ್ಟೀರಿಂಗ್ ಅಡ್ಡ ಬರುತ್ತಿರುವಾಗ ನಳಿಗೆ ಯಾವ ಕಡೆ ತಿರುಗಿದೆ ಎಂಬ ನಿಗಾ ತಪ್ಪುತ್ತದೆ, ನಳಿಗೆಯ ಎದುರು ಬರುವುದು ನಿಮ್ಮದೇ ತೊಡೆ. ಅದಕ್ಕೇ ಗುಂಡು ತೆಗೆಯುವ ಕೆಲಸ ಮನೆಯಲ್ಲೋ ರೇಂಜಿನಲ್ಲೋ ಮುಗಿಯಲಿ.

ಮೊದಲು ಮ್ಯಾಗಝೀನ್ (ಗುಂಡುಗಳನ್ನು ತುಂಬುವ ಡಬ್ಬಿ) ತೆಗೆಯಿರಿ, ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಎಳೆಯಿರಿ. ಇದನ್ನು ಹಿಂದುಮುಂದು ಮಾಡಿದರೆ ಎಳೆದಾಗ ಹೊರಬಿದ್ದ ಗುಂಡಿನ ಜಾಗಕ್ಕೆ ಮ್ಯಾಗಝೀನಿನಿಂದ ಇನ್ನೊಂದು ಗುಂಡು ಚೇಂಬರ್ (ಹಾರಲು ಸಿದ್ಧವಾದ ಗುಂಡು ಕೂರುವ ಜಾಗ) ಸೇರುತ್ತದೆ, ನೀವು ಮ್ಯಾಗಝೀನ್ ತೆಗೆದು ಖಾಲಿಯಾಯಿತು ಎಂದುಕೊಂಡಿರುತ್ತೀರಿ. ಸ್ಲೈಡನ್ನು ಹಿಂದೆ ನಿಲ್ಲಿಸಿ ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿಯೂ ಮುಟ್ಟಿ ನೋಡಿ. ರಿವಾಲ್ವರ್ ಆದರೆ ಸಿಲಿಂಡರ್ ಹೊರಗೆ ತಿರುಗಿಸಿ ಎಲ್ಲ ರಂಧ್ರಗಳನ್ನೂ ಎಣಿಸಿ. ಕೇಬಲ್ ಬೀಗವನ್ನು ಗುಂಡು ಹೊರಬೀಳುವ ಕಿಂಡಿಯಿಂದ ತೂರಿಸಿ ಮ್ಯಾಗಝೀನ್ ಜಾಗದಿಂದ ಹೊರತಂದು ಹಾಕಿದರೆ ಸ್ಲೈಡ್ ಮುಚ್ಚಲಾಗದು. ಪ್ರಾಜೆಕ್ಟ್ ಚೈಲ್ಡ್‌ಸೇಫ್ ಕಾರ್ಯಕ್ರಮದಡಿ ಪೊಲೀಸ್ ಠಾಣೆಗಳ ಮೂಲಕ ಇದನ್ನು ಉಚಿತವಾಗಿ ಹಂಚುತ್ತಾರೆ. ಟ್ರಿಗರ್‌ಗೆ ಹಾಕುವ ಬೀಗವನ್ನು ಗುಂಡಿರುವ ಪಿಸ್ತೂಲಿಗೆ ಎಂದೂ ಹಾಕಬೇಡಿ, ಬೀಗದ ಕಡ್ಡಿಯೇ ಟ್ರಿಗರ್ ಒತ್ತಬಹುದು. ಗುಂಡುಗಳನ್ನು ಬೇರೆ ಬೀಗದ ಡಬ್ಬಿಯಲ್ಲಿಡಿ.

ಸಾರ್ವಜನಿಕವಾಗಿ ಒಯ್ಯುವ ಪರವಾನಗಿ ಇದ್ದು, ಗುಂಡು ತುಂಬಿ ಸೊಂಟದಲ್ಲಿ ಇಟ್ಟುಕೊಂಡವರ ಮಾತು ಬೇರೆ. ರಾಜ್ಯದ ಕಾನೂನು ಒಪ್ಪುವುದಾದರೆ ಹೋಲ್‌ಸ್ಟರ್ ಸಮೇತ ಬಿಚ್ಚಿ, ಟ್ರಿಗರ್ ಮುಚ್ಚಿದಂತೆಯೇ ಪೆಟ್ಟಿಗೆಯಲ್ಲಿಟ್ಟುಬಿಡುವುದು ಕಾರಿನಲ್ಲಿ ಗುಂಡು ತೆಗೆಯುವುದಕ್ಕಿಂತ ಸುರಕ್ಷಿತ. ಒಂದೇ ಗುಂಡನ್ನು ದಿನಾ ಚೇಂಬರಿಗೆ ಹಾಕಿ ತೆಗೆದು ಮಾಡಿದರೆ ಅದರ ಸೀಸದ ತುದಿ ತೋಟೆಯೊಳಗೆ ಸ್ವಲ್ಪ ಸ್ವಲ್ಪ ಹಿಂದಕ್ಕೆ ಕುಸಿಯುತ್ತದೆ, ಹಾರಿಸಿದಾಗ ಒತ್ತಡ ಮಿತಿಮೀರುತ್ತದೆ. ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿದರೆ ಕಣ್ಣಿಗೇ ವ್ಯತ್ಯಾಸ ತಿಳಿಯುತ್ತದೆ. ಗಿಡ್ಡಾದದ್ದನ್ನು ಬಳಸಬೇಡಿ.

ಪೆಟ್ಟಿಗೆಗೆ ಹಾಕುವ ಕೆಲಸ ಹೊರಡುವ ಜಾಗದಲ್ಲೇ ಮುಗಿಯಲಿ. ಅಂಗಡಿ ಮುಂದೆ ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ಚೀಲದಿಂದ ಏನೋ ತೆಗೆದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಹೋದರೆ, ಎದುರು ಸಾಲಿನಲ್ಲಿ ಕೂತು ನೋಡುತ್ತಿರುವವನಿಗೆ ಯಾವ ಕಾರು ಒಡೆಯಬೇಕೆಂದು ಗೊತ್ತಾಗುತ್ತದೆ. ಬೇ ಏರಿಯಾದ ಪಾರ್ಕಿಂಗ್ ಜಾಗಗಳಲ್ಲಿ ಒಂದು ಗಾಜು ಒಡೆದು ಚೀಲ ಎಳೆದುಕೊಂಡು ಹೋಗಲು ನಿಮಿಷವೂ ಹಿಡಿಯದು. ಬಂದೂಕು ಕಂಪನಿಯ ಸ್ಟಿಕ್ಕರ್, ರೇಂಜಿನ ಟೋಪಿ, ಖಾಲಿ ಗುಂಡಿನ ಡಬ್ಬಿ ಇವೂ ಅದನ್ನೇ ಸಾರಿ ಹೇಳುತ್ತವೆ. ಕಾರಿನೊಳಗೆ ಏನೂ ಕಾಣದಿರಲಿ, ಚಾರ್ಜರ್ ತಂತಿಯೂ ಕೂಡ. ಬಾಗಿಲಿಗೆ ಬೀಗ ಬಿದ್ದಿದೆಯೇ ಎಂದು ಹಿಡಿ ಎಳೆದು ನೋಡಿ ಹೋಗಿ, ಬೀಗ ಹಾಕದ ಕಾರುಗಳನ್ನೇ ಹುಡುಕುತ್ತಾ ಹಿಡಿ ಎಳೆದುಕೊಂಡು ಹೋಗುವ ಕಳ್ಳರೂ ಇದ್ದಾರೆ.

ಸರ್ವಿಸ್‌ಗೆ ಕೊಡುವಾಗ, ಕಾರ್ ವಾಶ್‌ಗೆ, ವ್ಯಾಲೆ ಪಾರ್ಕಿಂಗ್‌ಗೆ ಕೊಡುವಾಗ ಕಾರಿನಲ್ಲಿ ಪಿಸ್ತೂಲು ಇರಬಾರದು. ಹೋಟೆಲಿನಲ್ಲಿ ಉಳಿಯುವಾಗ, ಅಲ್ಲಿನ ನಿಯಮ ಒಪ್ಪುವುದಾದರೆ, ಪೆಟ್ಟಿಗೆಯನ್ನೇ ಬಿಚ್ಚಿ ಕೋಣೆಗೆ ಒಯ್ಯಿರಿ.

ಕಾರು ನಿಲ್ಲಿಸಲೂ ಬಾರದ ಕಡೆ

ಅಂಚೆ ಕಚೇರಿಯ ಪಾರ್ಕಿಂಗ್ ಕೂಡ ಅಂಚೆ ಇಲಾಖೆಯ ಜಾಗ, ಅಲ್ಲಿ ಕಾರಿನೊಳಗೆ ಪಿಸ್ತೂಲು ಇಡುವುದೂ ನಿಷಿದ್ಧ. 2015ರಲ್ಲಿ ಕೇಂದ್ರ ಮೇಲ್ಮನವಿ ನ್ಯಾಯಾಲಯವೊಂದು ಪಾರ್ಕಿಂಗ್‌ಗೂ ಈ ನಿಷೇಧ ಸರಿಯೆಂದು ಹೇಳಿತು. ಪಾರ್ಸೆಲ್ ಕಳಿಸಬೇಕಿದ್ದರೆ ಪಿಸ್ತೂಲಿಲ್ಲದ ದಿನ ಹೋಗಿ.

ಶಾಲೆ ಇದಕ್ಕಿಂತ ಸೂಕ್ಷ್ಮ. ಶಾಲೆಯ ಜಾಗದಿಂದ 1000 ಅಡಿಯೊಳಗೆ ಬಂದೂಕು ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನಲ್ಲಿ ಅಪರಾಧ, ಗುಂಡು ತೆಗೆದು ಬೀಗದ ಪೆಟ್ಟಿಗೆಯಲ್ಲಿಟ್ಟದ್ದಕ್ಕೆ ವಿನಾಯಿತಿ ಇದೆ, ರಾಜ್ಯಗಳ ಕಾನೂನು ಅದರ ಮೇಲೆ ಮತ್ತೂ ಬಿಗಿಯಾಗಿರಬಹುದು. ಇದು ನಮಗೆ ನೇರ ಸಂಬಂಧಿಸಿದ್ದು: ಕನ್ನಡ ಕೂಟಗಳ ಯುಗಾದಿ, ರಾಜ್ಯೋತ್ಸವಗಳು ನಡೆಯುವುದು ಹೆಚ್ಚಾಗಿ ಬಾಡಿಗೆಗೆ ಪಡೆದ ಹೈಸ್ಕೂಲ್ ಸಭಾಂಗಣದಲ್ಲಿ. ಮಕ್ಕಳ ಕನ್ನಡ ತರಗತಿಗಳೂ ಎಷ್ಟೋ ಕಡೆ ಶಾಲೆಗಳಲ್ಲೇ. ಭಾನುವಾರವಾದರೂ ಅದು ಶಾಲೆಯೇ. ಬೆಳಿಗ್ಗೆ ರೇಂಜು, ಮಧ್ಯಾಹ್ನ ಕೂಟದ ಊಟ ಎಂದು ಒಂದೇ ಸುತ್ತಿನಲ್ಲಿ ಮುಗಿಸುವ ಲೆಕ್ಕ ಹಾಕಬೇಡಿ, ನಡುವೆ ಮನೆಗೆ ಹೋಗಿ ಪಿಸ್ತೂಲು ಇಳಿಸಿ ಬನ್ನಿ.

ಕಚೇರಿಯ ಪಾರ್ಕಿಂಗ್ ವಿಷಯ ಕಂಪನಿಯ ನಿಯಮಕ್ಕೆ ಬಿಟ್ಟದ್ದು. ಟೆಕ್ಸಸ್ 2011ರಿಂದ, ಫ್ಲಾರಿಡಾ 2008ರಿಂದ ನೌಕರರು ಬೀಗ ಹಾಕಿದ ಸ್ವಂತ ಕಾರಿನಲ್ಲಿ ಇಡುವುದನ್ನು ಕಂಪನಿಗಳು ತಡೆಯದಂತೆ ಕಾನೂನು ಮಾಡಿವೆ, ಅವಕ್ಕೂ ಹಲವು ಅಪವಾದಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ ರಕ್ಷಣೆಯಿಲ್ಲ. ಕೆಲಸ ಹೋದರೆ ವೀಸಾ ಕಥೆಯೂ ಜೊತೆಗೇ ಬರುವ ಮನೆಗಳಲ್ಲಿ ಉದ್ಯೋಗ ಕೈಪಿಡಿಯ ಆ ಪುಟವನ್ನು ಓದಿಕೊಳ್ಳುವುದು ಹತ್ತು ನಿಮಿಷದ ಕೆಲಸ.

ಬಿಸಿ, ಚಳಿ, ತುಕ್ಕು

ಫೀನಿಕ್ಸ್‌ನಲ್ಲೋ ಡಲ್ಲಾಸ್‌ನಲ್ಲೋ ಬೇಸಗೆಯಲ್ಲಿ ಮುಚ್ಚಿದ ಕಾರಿನ ಒಳಗೆ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಅಷ್ಟು ಬಿಸಿಗೆ ಗುಂಡು ತಾನಾಗಿ ಸಿಡಿಯುವುದಿಲ್ಲ. ಆದರೆ ತಿಂಗಳುಗಟ್ಟಲೆ ಬಿಸಿಯಾಗಿ ತಣ್ಣಗಾಗುತ್ತಾ ಇದ್ದರೆ ಮದ್ದು ಕೆಡುತ್ತದೆ, ಎಣ್ಣೆ ಹರಿದು ಒಣಗುತ್ತದೆ. ಚಳಿ ನಾಡುಗಳಲ್ಲಿ ತೊಂದರೆ ತೇವದ್ದು: ತಣ್ಣನೆ ಕಾರಿನಿಂದ ಬೆಚ್ಚನೆ ಮನೆಗೆ ತಂದ ಲೋಹದ ಮೇಲೆ ನೀರು ಬೆವರಿನಂತೆ ಕೂರುತ್ತದೆ. ಒಳಗೆ ತಂದ ಮೇಲೆ ಪೆಟ್ಟಿಗೆ ತೆರೆದು ಒರೆಸಿ, ತೆಳುವಾಗಿ ಎಣ್ಣೆ ಸವರಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಾಯಿಸಿ. ಒಳಗಿನ ಸ್ಪಂಜು ನೀರು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ, ಪಿಸ್ತೂಲಿನ ತುಕ್ಕು ಸ್ಪಂಜಿಗೆ ಒತ್ತಿದ ಬದಿಯಲ್ಲೇ ಮೊದಲು ಕಾಣುವುದು ಅದಕ್ಕೇ.

ಕಳುವಾದರೆ

ಒಡೆದ ಗಾಜು ಕಂಡ ತಕ್ಷಣ ಏನನ್ನೂ ಮುಟ್ಟದೆ ಪೊಲೀಸರಿಗೆ ಫೋನ್ ಮಾಡಿ, ಪಿಸ್ತೂಲು ಕಳುವಾಗಿದೆ ಎಂದು ಮೊದಲ ವಾಕ್ಯದಲ್ಲೇ ಹೇಳಿ. ಬರಿ ಕಾರು ಒಡೆದ ದೂರಾದರೆ ಆನ್‌ಲೈನ್ ಅರ್ಜಿ ತುಂಬಿ ಎಂದುಬಿಡಬಹುದು. ತಿಳಿದ ಮೇಲೆ ದೂರು ಕೊಡಲು ನ್ಯೂಯಾರ್ಕ್‌ನಲ್ಲಿ 24 ಗಂಟೆ, ಕ್ಯಾಲಿಫೋರ್ನಿಯಾ ಮತ್ತು ಕೊಲೊರಾಡೋದಲ್ಲಿ 5 ದಿನ ಗಡುವು. ಗಡುವಿನವರೆಗೆ ಕಾಯಬೇಡಿ. ಆ ಪಿಸ್ತೂಲಿನಿಂದ ಇನ್ನೆಲ್ಲೋ ಗುಂಡು ಹಾರಿದರೆ, ದೂರು ಅದಕ್ಕೂ ಮೊದಲೇ ದಾಖಲಾಗಿತ್ತೇ ಎಂಬುದನ್ನೇ ಮೊದಲು ನೋಡುತ್ತಾರೆ.

ಪೊಲೀಸರು ಕೇಳುವುದು ಕಂಪನಿ, ಮಾಡೆಲ್, ಕ್ಯಾಲಿಬರ್, ಸೀರಿಯಲ್ ನಂಬರ್. ನಂಬರಿದ್ದರೆ ಅದು ದೇಶದ ಎಲ್ಲ ಠಾಣೆಗಳಿಗೂ ಕಾಣುವ ಕಳುವಿನ ಪಟ್ಟಿಗೆ ಸೇರುತ್ತದೆ. ಇಲ್ಲದಿದ್ದರೆ ಎರಡು ರಾಜ್ಯದಾಚೆ ಸಿಕ್ಕಿದರೂ ನಿಮ್ಮದೆಂದು ಯಾರಿಗೂ ತಿಳಿಯದು. ಇವತ್ತೇ ಪಿಸ್ತೂಲಿನ ಎರಡೂ ಬದಿಯ ಮತ್ತು ನಂಬರಿನ ಫೋಟೋ ತೆಗೆದು, ಖರೀದಿ ರಸೀದಿಯ ಜೊತೆ ಇಮೇಲಿನಲ್ಲಿಟ್ಟುಕೊಳ್ಳಿ. ವಿಮೆಯ ವಿಷಯದಲ್ಲಿ ಕಾರಿನ ಪಾಲಿಸಿ ಸಾಮಾನ್ಯವಾಗಿ ಗಾಜಿಗೆ ಮಾತ್ರ ಹಣ ಕೊಡುತ್ತದೆ, ಒಳಗಿದ್ದ ವಸ್ತು ಮನೆಯ ಅಥವಾ ಬಾಡಿಗೆದಾರರ ಪಾಲಿಸಿಯ ಲೆಕ್ಕ. ಬಂದೂಕಿನ ಕಳವಿಗೆ ಆ ಪಾಲಿಸಿಗಳಲ್ಲಿ ಪ್ರತ್ಯೇಕ ಮಿತಿ ಇರುತ್ತದೆ. ಆ ಸಾಲು ಯಾವ ಪುಟದಲ್ಲಿದೆ ಎಂದು ಏಜೆಂಟರನ್ನೇ ಕೇಳಿ ತಿಳಿದುಕೊಳ್ಳಿ.